ನಾಡದೋಣಿಗೆ ಯಾವ ಬ್ಯಾಟರಿ ತರಬೇಕು, ಹೇಗೆ ಚಾರ್ಜ್ ಮಾಡಬೇಕು

ನಮ್ಮ ದೋಣಿಗೆ ನಾನು ಮೊದಲು ಇಟ್ಟದ್ದು ಹಳೇ ಜೀಪಿನ ಬ್ಯಾಟರಿ. ಐದು ತಿಂಗಳು ಬಂತು. ಆಮೇಲೊಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಬಲೆ ಎಳೆಯಲು ನಿಂತಾಗ ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್‌ನ ಪರದೆ ಒಮ್ಮೆ ಮಿಟುಕಿ ಆರಿಹೋಯಿತು. ವೈರ್‌ಲೆಸ್ ಸೆಟ್‌ನಲ್ಲಿ ಪಕ್ಕದ ದೋಣಿಯವರ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಉತ್ತರ ಕೊಡೋಣ ಅಂತ ಗುಂಡಿ ಒತ್ತಿದರೆ ಸೆಟ್ಟೇ ಆಫ್. ಬಿಟ್ಟರೆ ಮತ್ತೆ ಆನ್. ಅವರು ಕರೆಯುತ್ತಲೇ ಇದ್ದರು, ನಾವು ಬಾಯಿ ಇಲ್ಲದವರ ಹಾಗೆ ಕೇಳುತ್ತಾ ಕೂತೆವು.

ಮರುದಿನವೇ ಹೊಸ ಬ್ಯಾಟರಿ ತಂದೆ. ಎರಡೇ ವಾರದಲ್ಲಿ ಅದೇ ಕತೆ. ನಿಜವಾದ ಕಳ್ಳರು ಇಬ್ಬರಿದ್ದರು: ಒಂದು ವೈರು, ಇನ್ನೊಂದು ಚಾರ್ಜರ್. ಇವರಿಬ್ಬರನ್ನು ಹಿಡಿಯುವಷ್ಟರಲ್ಲಿ ನಾನು ಮೂರು ಬ್ಯಾಟರಿ ಕೊಂದಿದ್ದೆ. ನಿಮಗೆ ಆ ಖರ್ಚು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ 25ರಿಂದ 30 ಅಡಿಯ ನಾಡದೋಣಿಗೆ. 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಬೆಳಕು ಬಿಟ್ಟು ಮೀನು ಸೆಳೆಯುವ ದೊಡ್ಡ ಎಲ್‌ಇಡಿ ಲೈಟುಗಳ ಲೆಕ್ಕ ಇಲ್ಲಿಲ್ಲ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ಅದನ್ನು ನಿಷೇಧಿಸಿದೆ. ಅದಕ್ಕೆ ಯಾರಾದರೂ ಬ್ಯಾಟರಿ ಸಲಹೆ ಕೇಳಿದರೆ ನಾನು ಕೊಡುವುದೂ ಇಲ್ಲ.

ಮೊದಲು ಒಂದು ಕಾಗದ, ಒಂದು ಪೆನ್ನು

ಅಂಗಡಿಗೆ ಹೋಗಿ "ದೋಣಿಗೆ ಒಂದು ಒಳ್ಳೆ ಬ್ಯಾಟರಿ ಕೊಡಿ" ಅಂದರೆ ಅವರಲ್ಲಿ ಸ್ಟಾಕ್ ಇರುವುದು ನಿಮ್ಮ ತಲೆಗೆ ಬರುತ್ತದೆ. ಹಾಗಾಗಿ ಹೋಗುವ ಮೊದಲೇ ಲೆಕ್ಕ ಹಾಕಿಕೊಳ್ಳಿ. ಬ್ಯಾಟರಿಯ ಮೇಲೆ ಬರೆದಿರುವ ಎಎಚ್, ಅಂದರೆ ಆಂಪಿಯರ್-ಅವರ್, ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎನ್ನುವ ಹಾಗೆ. ಪ್ರತಿ ಉಪಕರಣ ಎಷ್ಟು ಆಂಪಿಯರ್ ಕುಡಿಯುತ್ತದೆ, ಎಷ್ಟು ಗಂಟೆ ಓಡುತ್ತದೆ ನೋಡಿ, ಗುಣಿಸಿ. ಉಪಕರಣದ ಮೇಲೆ ವ್ಯಾಟ್ ಮಾತ್ರ ಬರೆದಿದ್ದರೆ 12ರಿಂದ ಭಾಗಿಸಿ (ಬ್ಯಾಟರಿ 12 ವೋಲ್ಟಿನದು), ಆಂಪಿಯರ್ ಸಿಗುತ್ತದೆ.

ನಮ್ಮದು ಸಂಜೆ ನಾಲ್ಕಕ್ಕೆ ಹೊರಟು ಬೆಳಗ್ಗೆ ಆರಕ್ಕೆ ದಡ ಸೇರುವ ದೋಣಿ. ಹದಿನಾಲ್ಕು ಗಂಟೆ. ಜಿಪಿಎಸ್ ಕೂಡಿದ 7 ಇಂಚಿನ ಫಿಶ್ ಫೈಂಡರ್ ಸುಮಾರು 1 ಆಂಪಿಯರ್, ಎಂಟು ಗಂಟೆ ಓಡಿದರೆ 8 ಎಎಚ್. ವಿಎಚ್‌ಎಫ್, ಅಂದರೆ ವೈರ್‌ಲೆಸ್ ಸೆಟ್, ಸುಮ್ನೆ ಕೇಳಿಸಿಕೊಳ್ಳುತ್ತಾ ಇದ್ದರೆ ಅರ್ಧ ಆಂಪಿಯರ್, ಇಡೀ ರಾತ್ರಿಗೆ 7. ಮಾತಾಡುವಾಗ ಮಾತ್ರ 5ರಿಂದ 6 ಆಂಪಿಯರ್ ಎಳೆಯುತ್ತದೆ. ಆದರೆ ಎಲ್ಲ ಸೇರಿ ಹತ್ತು ನಿಮಿಷ ಮಾತಾಡಿದರೆ ಹೆಚ್ಚು, ಅದಕ್ಕೆ 1 ಸಾಕು. ಕಂಬದ ಮೇಲಿನ ಎಲ್‌ಇಡಿ ದೀಪಕ್ಕೆ 4. ಬಲೆ ಎಳೆಯುವಾಗ ಹಾಕುವ 10 ವ್ಯಾಟಿನ ಎರಡು ಬಲ್ಬಿಗೆ ಐದು ಗಂಟೆ ಲೆಕ್ಕದಲ್ಲಿ 8. ನೀರು ಹೊರಹಾಕುವ ಸಣ್ಣ ಪಂಪಿಗೆ 1. ನಾಲ್ಕು ಜನರ ಮೊಬೈಲ್ ಚಾರ್ಜಿಂಗಿಗೆ 5. ಹೌದು, ಮೊಬೈಲನ್ನು ಬಿಡಬೇಡಿ, ಇಡೀ ರಾತ್ರಿ ಉರಿಯುವ ಕಂಬದ ದೀಪಕ್ಕಿಂತ ಅದೇ ಜಾಸ್ತಿ ತಿನ್ನುತ್ತದೆ.

ಒಟ್ಟು 34 ಎಎಚ್ ಆಯಿತು. ದೋಣಿ ಎಲ್ಲಿದೆ ಅಂತ ದಡಕ್ಕೆ ತಿಳಿಸುವ ಟ್ರಾನ್ಸ್‌ಪಾಂಡರ್ ಇದ್ದರೆ ಅದರ ಪ್ಲೇಟ್ ಮೇಲಿನ ಅಂಕಿ ನೋಡಿ ಸೇರಿಸಿಕೊಳ್ಳಿ.

ಇನ್ನು ಮುಖ್ಯ ವಿಷಯ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 34 ಬೇಕಿದ್ದರೆ 68 ಇರಬೇಕು. ಬ್ಯಾಟರಿ ಹಳತಾಗುತ್ತದೆ, ಒಂದೊಂದು ದಿನ ತಡವಾಗುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಸೇರಿಸಿದರೆ 80ರಿಂದ 100 ಎಎಚ್. ಲಿಥಿಯಂ ಆದರೆ ಶೇ 80ರಷ್ಟು ಧಾರಾಳವಾಗಿ ಬಳಸಬಹುದು, 50 ಎಎಚ್ ಸಾಕು. ಇದಕ್ಕಿಂತ ದೊಡ್ಡದು ತಂದರೆ ಒಳ್ಳೆಯದಲ್ವಾ ಅಂತ ಕೇಳಬಹುದು. ಅದನ್ನು ದಿನಾ ತುಂಬಿಸುವ ಚಾರ್ಜರ್ ಮತ್ತು ಹೊರುವ ಹೆಗಲು ಇದ್ದರೆ ತನ್ನಿ.

ಯಾವ ಜಾತಿ

ಜೀಪು, ಕಾರಿನ ಬ್ಯಾಟರಿ ಮಾಡಿರುವುದು ಎಂಜಿನ್ ಸ್ಟಾರ್ಟ್ ಮಾಡಲು. ಮೂರ್ನಾಲ್ಕು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗಬೇಕು. ಅದಕ್ಕೆ ಒಳಗೆ ತೆಳು ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ರಾತ್ರಿಯಿಡೀ ನಿಧಾನಕ್ಕೆ ಹೀರಿ ಖಾಲಿ ಮಾಡಿದರೆ ಆ ಪ್ಲೇಟಿನ ಪುಡಿ ಉದುರಿ ತಳ ಸೇರುತ್ತದೆ. ಡೀಪ್ ಸೈಕಲ್ ಬ್ಯಾಟರಿಯಲ್ಲಿ ಪ್ಲೇಟು ದಪ್ಪ, ಸಂಖ್ಯೆ ಕಡಿಮೆ. ದಿನಾ ಇಳಿದು ದಿನಾ ತುಂಬುವುದೇ ಅದರ ಕೆಲಸ.

ನಮ್ಮೂರ ಅಂಗಡಿಗಳಲ್ಲಿ "ಡೀಪ್ ಸೈಕಲ್" ಅಂತ ಕೇಳಿದರೆ ಕೆಲವರು ಮುಖ ನೋಡುತ್ತಾರೆ. ಇನ್ವರ್ಟರ್ ಟ್ಯೂಬ್ಯುಲರ್ ಅಥವಾ ಸೋಲಾರ್ ಬ್ಯಾಟರಿ ಅನ್ನಿ, ಅದೇ ಜಾತಿ. ಇನ್ವರ್ಟರಿನದರ ಮೇಲೆ ಸಿ20 ಅಂತ ಇರುತ್ತದೆ. 100 ಎಎಚ್ ಸಿ20 ಅಂದರೆ 5 ಆಂಪಿಯರ್‌ನಂತೆ 20 ಗಂಟೆ. ಸೋಲಾರಿನದಕ್ಕೆ ಸಿ10, ಅಂದರೆ 10 ಆಂಪಿಯರ್‌ನಂತೆ 10 ಗಂಟೆ. ವೇಗವಾಗಿ ಹೀರಿದರೆ ಸೀಸದ ಬ್ಯಾಟರಿ ಕಡಿಮೆ ಕೊಡುತ್ತದೆ. ಹಾಗಾಗಿ ಎರಡರ ಮೇಲೂ 100 ಅಂತ ಇದ್ದರೆ ಸಿ10ನದೇ ಗಟ್ಟಿ ಆಸಾಮಿ.

ಟ್ಯೂಬ್ಯುಲರ್ ಬ್ಯಾಟರಿ ಗಟ್ಟಿ, ಬೆಲೆಯೂ ಕಮ್ಮಿ. ಆದರೆ ದೋಣಿಗೆ ಅದರ ಎತ್ತರವೇ ಶತ್ರು. 150 ಎಎಚ್‌ನದು 50 ಕಿಲೋಗೂ ಮೇಲೆ ತೂಗುತ್ತದೆ. ಅಳಿವೆ ಬಾಯಿಯಲ್ಲಿ ಅಲೆ ಹೊಡೆದಾಗ ನಮ್ಮದು ವಾಲಿ ಮುಚ್ಚಳದಿಂದ ಆಸಿಡ್ ಚೆಲ್ಲಿತು. ಪಕ್ಕದಲ್ಲಿದ್ದ ನೈಲಾನ್ ಬಲೆಯ ಒಂದು ಮೊಳ ಜಾಗ ಮುಟ್ಟಿದರೆ ಪುಡಿಪುಡಿ. ಅದೇ ಕೊನೆ, ಆಮೇಲೆ ನಾನು ದ್ರವ ಆಸಿಡ್ ಇರುವುದನ್ನು ದೋಣಿಗೆ ಹತ್ತಿಸಿಲ್ಲ. ನೀವು ಇಡುವುದಾದರೆ ಗಿಡ್ಡ ಮಾದರಿ ತನ್ನಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಪಟ್ಟಿ ಬಿಗಿಯಿರಿ.

ಚೆಲ್ಲದ ಬ್ಯಾಟರಿ ಬೇಕೆಂದರೆ ಎಜಿಎಂ (ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ) ಅಥವಾ ಜೆಲ್ (ಆಸಿಡ್ ಗಂಜಿಯಂತೆ ಗಟ್ಟಿಯಾಗಿರುತ್ತದೆ). ಎರಡೂ ಸೀಸದವೇ. ಇಲ್ಲೊಂದು ಹಳ್ಳ ಇದೆ. ಕಂಪ್ಯೂಟರ್ ಯುಪಿಎಸ್‌ಗೆ ಹಾಕುವ ಎಸ್‌ಎಂಎಫ್ ಬ್ಯಾಟರಿಯನ್ನೂ "ಇದೂ ಅದೇ" ಅಂತ ಕೊಡುತ್ತಾರೆ. ಅದು ಕರೆಂಟ್ ಹೋದಾಗ ಅಪರೂಪಕ್ಕೆ ಕೆಲಸ ಮಾಡಲು ಹುಟ್ಟಿದ್ದು, ದಿನಾ ದುಡಿಯಲು ಅಲ್ಲ. ಶೇ 50ರಷ್ಟು ಖಾಲಿ ಮಾಡಿದರೆ ಎಷ್ಟು ಸೈಕಲ್, ಅಂದರೆ ಇಳಿದು ತುಂಬುವ ಸುತ್ತು, ಬರುತ್ತದೆ ಅಂತ ಕಂಪನಿಯ ಹಾಳೆ ತೋರಿಸಲು ಹೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಲಿಥಿಯಂನಲ್ಲಿ ದೋಣಿಗೆ ಆಗುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಪ್ಯಾಕ್ ಬಿಚ್ಚಿ ಕಟ್ಟಿಕೊಡುತ್ತೇನೆ ಅನ್ನುವವರ ಸಹವಾಸ ಬೇಡ, ಪೆಟ್ರೋಲ್ ಕ್ಯಾನ್ ಪಕ್ಕದಲ್ಲಿ ಆ ಆಟ ಆಡಬಾರದು. 100 ಎಎಚ್ ಎಲ್‌ಎಫ್‌ಪಿ 10ರಿಂದ 13 ಕಿಲೋ, ಸೀಸದ್ದು 25ರಿಂದ 30. ಮರಳಿನ ಮೇಲೆ ಹೊತ್ತು ನಡೆಯುವವರಿಗೆ ಇದರ ಬೆಲೆ ಗೊತ್ತು. ಎರಡು ಸಾವಿರ ಸೈಕಲ್ ದಾಟುತ್ತದೆ. ಬೆಲೆ ಮಾತ್ರ ಜಾಸ್ತಿ. ಉಪ್ಪುಗಾಳಿಯಲ್ಲಿ ಒಳಗಿನ ಬಿಎಂಎಸ್ ಬೋರ್ಡ್ (ಬ್ಯಾಟರಿಯನ್ನು ಕಾಯುವ, ಅಪಾಯವೆನಿಸಿದರೆ ಕರೆಂಟ್ ಕತ್ತರಿಸುವ ಸರ್ಕ್ಯೂಟ್) ಹಾಳಾಗಬಾರದು ಅಂತಾದರೆ ಐಪಿ67 ಗುರುತಿನ, ಅಂದರೆ ನೀರು ದೂಳು ಒಳಹೋಗದ, ಪೂರ್ತಿ ಸೀಲ್ ಆದ ಡಬ್ಬಿಯೇ ಬೇಕು. ಇನ್ನೊಂದು ಗುಣ ನೆನಪಿಡಿ. ಸೀಸದ ಬ್ಯಾಟರಿ ನಿಧಾನಕ್ಕೆ ಸೋಲುತ್ತದೆ, ಮುನ್ಸೂಚನೆ ಕೊಡುತ್ತದೆ. ಲಿಥಿಯಂನಲ್ಲಿ ಕೊನೆಯವರೆಗೂ ಎಲ್ಲ ಸರಿ, ಆಮೇಲೆ ಬಿಎಂಎಸ್ ಕತ್ತರಿಸಿತು ಅಂದರೆ ಒಮ್ಮೆಲೇ ಕತ್ತಲು. ವೋಲ್ಟೇಜ್ ನೋಡಿ ಅಂದಾಜು ಸಿಗುವುದಿಲ್ಲ. ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಹಾಕಿಸಿ. ಜೇಬಲ್ಲೊಂದು ಟಾರ್ಚ್ ಇರಲಿ.

ನನ್ನ ಆಯ್ಕೆ ಕೇಳಿದರೆ: ವರ್ಷಕ್ಕೆ 150 ರಾತ್ರಿಗಿಂತ ಜಾಸ್ತಿ ಹೋಗುವವರು ಎಲ್‌ಎಫ್‌ಪಿ ತನ್ನಿ. ಅದಕ್ಕಿಂತ ಕಮ್ಮಿಯಾದರೆ ಜೆಲ್ ಸಾಕು.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ತಯಾರಾದ ತಿಂಗಳು ನೋಡಿ. ಸೀಸದ ಬ್ಯಾಟರಿ ಕಪಾಟಿನಲ್ಲಿ ಕೂತೇ ಮುದಿಯಾಗುತ್ತದೆ. ಆರು ತಿಂಗಳು ದಾಟಿದ್ದರೆ ಬೇರೆ ಕೇಳಿ. ಮಲ್ಟಿಮೀಟರ್ ಇಟ್ಟು ನೋಡಿ, 12.6 ವೋಲ್ಟಿಗಿಂತ ಕಮ್ಮಿ ತೋರಿಸುವುದನ್ನು ಹೊಸದು ಅಂತ ಒಪ್ಪಬೇಡಿ. ಮಲ್ಟಿಮೀಟರ್ ಇಲ್ಲವೇ? ಬ್ಯಾಟರಿಗಿಂತ ಮೊದಲು ಅದನ್ನು ತನ್ನಿ.

ಚಾರ್ಜಿಂಗ್: ಕೊನೆಯ ಇಪ್ಪತ್ತರ ಕತೆ

ಮೀನಿನ ಬಾಕ್ಸಿಗೆ ಐಸ್ ಹಾಕುವುದನ್ನು ನೋಡಿದ್ದೀರಲ್ಲ. ಮೊದಲ ನಾಲ್ಕು ಗೋರು ದಬದಬ ಬೀಳುತ್ತದೆ. ಮೇಲೆ ಬಂದ ಹಾಗೆ ತಟ್ಟಬೇಕು, ಅಲ್ಲಾಡಿಸಬೇಕು, ಬಂಗುಡೆಯ ಸಂದಿಯಲ್ಲಿ ಇಳಿಯಲು ಕಾಯಬೇಕು. ಸೀಸದ ಬ್ಯಾಟರಿಯೂ ಹಾಗೇ. ಶೇ 80ರವರೆಗೆ ಓಡಿ ಬರುತ್ತದೆ. ಉಳಿದ 20 ತೆವಳುತ್ತದೆ.

100 ಎಎಚ್ ಬ್ಯಾಟರಿ ಅರ್ಧ ಖಾಲಿಯಾಗಿದೆ ಅಂತಿಟ್ಟುಕೊಳ್ಳಿ. 10 ಆಂಪಿಯರ್ ಚಾರ್ಜರ್ ಹಾಕಿದರೆ ಮೂರು, ಮೂರೂವರೆ ಗಂಟೆಯಲ್ಲಿ 80ಕ್ಕೆ ಬರುತ್ತದೆ. ಅಲ್ಲಿಂದ ಪೂರ್ತಿ ತುಂಬಲು ಇನ್ನೂ ನಾಲ್ಕು ಗಂಟೆ. ನಾವು ಮಾಡುತ್ತಿದ್ದದ್ದೇನು? ಬೆಳಗ್ಗೆ ಮೀನು ಮಾರಿ, ಊಟ ಮಾಡಿ, ಮಲಗಿ ಎದ್ದು, ಮಧ್ಯಾಹ್ನ ಒಂದಕ್ಕೆ ನೆನಪಾಗಿ ಚಾರ್ಜಿಗೆ ಹಾಕುವುದು. ನಾಲ್ಕಕ್ಕೆ ಎತ್ತಿಕೊಂಡು ಓಡುವುದು. ದಿನಾ 80. ತುಂಬದೆ ಉಳಿದ ಭಾಗದಲ್ಲಿ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, ವಾರಗಳು ಕಳೆದಂತೆ ಕಲ್ಲಾಗುತ್ತದೆ. ಆಮೇಲೆ 100ರ ಬ್ಯಾಟರಿ 80ರದ್ದಾಗುತ್ತದೆ, ಆಮೇಲೆ 60. ಅಂಗಡಿಯವನಿಗೆ ಬೈಯುತ್ತೇವೆ.

ಈಗ ನಮ್ಮಲ್ಲಿ ಕ್ರಮ ಇಷ್ಟೇ: ದೋಣಿ ದಡ ಮುಟ್ಟಿದ ಕೂಡಲೇ ಒಬ್ಬ ಬ್ಯಾಟರಿ ಹೊತ್ತು ಮನೆಗೆ. ಮೀನು ಆಮೇಲೆ. ಎಂಟಕ್ಕೆ ಮೊದಲು ಚಾರ್ಜರ್‌ಗೆ ಬಿದ್ದರೆ ನಾಲ್ಕರೊಳಗೆ ತುಂಬಿರುತ್ತದೆ. ಕರೆಂಟ್ ಕೈಕೊಟ್ಟ ದಿನ ಬೇರೆ ಮಾತು. ವಾರಕ್ಕೊಂದು ರಜೆಯ ದಿನ ಮಾತ್ರ ಹನ್ನೆರಡು ಗಂಟೆ ಬಿಟ್ಟುಬಿಡಿ.

ಚಾರ್ಜರ್ ಎಂಥದ್ದು? ಹಂತ ಹಂತವಾಗಿ ಚಾರ್ಜ್ ಮಾಡುವ, ಬ್ಯಾಟರಿಯ ಜಾತಿ ಆರಿಸುವ ಗುಂಡಿ ಇರುವ ಸ್ಮಾರ್ಟ್ ಚಾರ್ಜರ್. ಸೀಸಕ್ಕೆ ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆಂಪಿಯರ್ ಇರಲಿ, 100 ಎಎಚ್‌ಗೆ 15 ಇದ್ದರೂ ಅಡ್ಡಿಯಿಲ್ಲ. ದ್ರವ ಆಸಿಡ್‌ನದಕ್ಕೆ 14.4ರಿಂದ 14.8 ವೋಲ್ಟ್, ಎಜಿಎಂಗೆ 14.4ರ ಆಸುಪಾಸು, ಜೆಲ್‌ಗೆ 14.1ರ ಹತ್ತಿರ. ಬ್ಯಾಟರಿಯ ಮೇಲೆಯೇ ಬೇರೆ ಅಂಕಿ ಬರೆದಿದ್ದರೆ ಅದೇ ಸರಿ. ತುಂಬಿದ ಮೇಲೆ ತಾನಾಗಿ 13.5ರ ಹತ್ತಿರ ಇಳಿಯಬೇಕು. ಈ ಅಂಕಿಗಳು 25 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಸೆಕೆಯಲ್ಲಿ ನಮ್ಮ ಜಗಲಿ 35 ಇರುತ್ತದೆ, ಆಗ 0.2 ವೋಲ್ಟಿನಷ್ಟು ಕಮ್ಮಿ ಬೇಕು. ಉಷ್ಣತೆ ನೋಡಿ ಹೊಂದಿಸಿಕೊಳ್ಳುವ ಚಾರ್ಜರ್ ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ತನ್ನಿ.

ನನ್ನ ಎರಡನೇ ಬ್ಯಾಟರಿ ಹೋದದ್ದು ಒಂದು ಗ್ಯಾರೇಜಿನಲ್ಲಿ. ಕಬ್ಬಿಣದ ದೊಡ್ಡ ಹಳೇ ಚಾರ್ಜರ್, ತುಂಬಿದಾಗ ತಾನಾಗಿ ನಿಲ್ಲುವ ಕಟಾಫ್ ಇಲ್ಲ. ರಾತ್ರಿಯಿಡೀ ಬಿಟ್ಟಿದ್ದರು. ಬೆಳಗ್ಗೆ ಹೋದಾಗ ಅನ್ನ ಕುದಿದ ಹಾಗೆ ಸದ್ದು, ಮುಟ್ಟಿದರೆ ಬಿಸಿ, ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಬಂತೆಂದರೆ ಗೋಡೆಯ ಸ್ವಿಚ್ ಆರಿಸಿ ಹೊರಗೆ ಬನ್ನಿ, ಕಿಟಕಿ ಬಾಗಿಲು ತೆರೆದು ಬಿಡಿ, ತಣ್ಣಗಾಗುವವರೆಗೆ ಮುಟ್ಟಬೇಡಿ.

ವಾಸನೆ ಇಲ್ಲದಿದ್ದರೂ ಚಾರ್ಜ್ ಆಗುವ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಒಂದು ಕಿಡಿಗೆ ಸಿಡಿಯುತ್ತದೆ. ದೇವರ ಕೋಣೆಯ ಪಕ್ಕ, ಗ್ಯಾಸ್ ಒಲೆಯ ಹತ್ತಿರ, ಮಂಚದ ಕೆಳಗೆ ಚಾರ್ಜಿಗೆ ಹಾಕಬೇಡಿ. ಕ್ಲಿಪ್ ಹಾಕಿ ಆದ ಮೇಲೆ ಸ್ವಿಚ್ ಆನ್, ಸ್ವಿಚ್ ಆಫ್ ಆದ ಮೇಲೆ ಕ್ಲಿಪ್ ತೆಗೆಯುವುದು.

ತುಂಬಿತೋ ಇಲ್ಲವೋ ಅಂತ ನೋಡಲು ಹಸಿರು ದೀಪವನ್ನು ನಂಬಿ ಕೂರಬೇಡಿ. ಚಾರ್ಜರ್ ತೆಗೆದ ಕೂಡಲೇ ಮೀಟರ್ 13 ತೋರಿಸುತ್ತದೆ, ಅದು ಸುಳ್ಳು. ಮೂರ್ನಾಲ್ಕು ಗಂಟೆ ಸುಮ್ನೆ ಬಿಟ್ಟು ನೋಡಿ. 12.7 ಇದ್ದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗವೂ ಕಷ್ಟ. ಡಿಸಿ ಕ್ಲಾಂಪ್ ಮೀಟರ್ ಇದ್ದವರಿಗೆ ಇನ್ನೂ ಸುಲಭ. 14.4ರಲ್ಲಿ ನಿಂತಿರುವಾಗಲೇ 100 ಎಎಚ್ ಬ್ಯಾಟರಿ ಒಂದೆರಡು ಆಂಪಿಯರ್‌ಗಿಂತ ಜಾಸ್ತಿ ಕುಡಿಯದಿದ್ದರೆ ಹೊಟ್ಟೆ ತುಂಬಿತು ಅಂತ ಅರ್ಥ.

ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಕಡಲ ಬದಿಯ ಬಾವಿಯಲ್ಲಿ ಉಪ್ಪಿರುತ್ತದೆ, ಕಬ್ಬಿಣವಿರುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರೂ ಬೇಡ. ಚಾರ್ಜ್ ಆದ ಮೇಲೆ ಹಾಕಿ, ಮೊದಲೇ ತುಂಬಿಸಿದರೆ ಉಕ್ಕುತ್ತದೆ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಆರೂ ಕೋಣೆ ನೋಡಿ. ಇಲ್ಲಿಯ ಟ್ಯೂಬ್ಯುಲರ್‌ಗಳಲ್ಲಿ ತುಂಬಿದಾಗ ಸಾಮಾನ್ಯವಾಗಿ 1.240 ಇರುತ್ತದೆ. ಒಂದು ಕೋಣೆ ಮಾತ್ರ ತುಂಬಾ ಕೆಳಗಿದ್ದರೆ ಆ ಬ್ಯಾಟರಿಯನ್ನು ನಂಬಿ ರಾತ್ರಿ ಹೊರಡಬೇಡಿ.

ಲಿಥಿಯಂಗೆ ಈ ತಲೆಬಿಸಿ ಇಲ್ಲ. ಎಲ್‌ಎಫ್‌ಪಿಯ ಚಾರ್ಜರ್, 14.2ರಿಂದ 14.6, ಅಷ್ಟೇ. ದಿನಾ ಪೂರ್ತಿ ತುಂಬಲೇಬೇಕೆಂದಿಲ್ಲ. ಸೀಸದ ಚಾರ್ಜರ್‌ನಲ್ಲಿರುವ "ರಿಪೇರ್" ಗುಂಡಿಯನ್ನು ಇದಕ್ಕೆ ಒತ್ತಬೇಡಿ.

ಎಂಜಿನ್‌ನಿಂದಲೇ ಚಾರ್ಜ್ ಆಗುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಹಗ್ಗದ ಸ್ಟಾರ್ಟಿನ ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ. ಇದ್ದರೂ ಐದಾರು ಆಂಪಿಯರ್, ಅದೂ ಜೋರಾಗಿ ಓಡುವಾಗ. ಎಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ರೆಕ್ಟಿಫೈಯರ್-ರೆಗ್ಯುಲೇಟರ್ ಇಲ್ಲದೆ ನೇರ ಕಟ್ಟಬೇಡಿ. ಸೋಲಾರ್ ಬಗ್ಗೆ ಹೇಳುವುದಾದರೆ, 50 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 12 ಎಎಚ್ ಕೊಟ್ಟರೆ ಪುಣ್ಯ. ನಮ್ಮ 34ಕ್ಕೆ ಅದು ಸಾಲದು. ದಡದಲ್ಲಿ ಕೂತ ಬ್ಯಾಟರಿ ಬಾಡದಂತೆ ನೋಡಿಕೊಳ್ಳಲು ಚೆಂದ.

ದೋಣಿಯಲ್ಲಿ ಕೂರಿಸುವುದು

ಮೊದಲ ಕಳ್ಳನ ಕತೆ ಬಾಕಿ ಇತ್ತಲ್ಲ. ಹಿಂದಿನ ಬದಿಯ ಬ್ಯಾಟರಿಯಿಂದ ಮುಂದಿನ ಸೆಟ್ಟಿಗೆ ಐದು ಮೀಟರ್. ಹೋಗಿ ಬರುವ ದಾರಿ ಹತ್ತು. ನಾನು ಎಳೆದದ್ದು ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಂತಿ. ಮಾತಾಡುವಾಗ ಎಲ್ಲ ಸೇರಿ ಹತ್ತು ಹನ್ನೊಂದು ಆಂಪಿಯರ್ ಹರಿದರೆ ಆ ತಂತಿಯಲ್ಲೇ 1.3 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.2, ಸೆಟ್ಟಿಗೆ ತಲುಪಿದ್ದು 10.9. ಅದಕ್ಕೇ ಗುಂಡಿ ಒತ್ತಿದಾಗ ಬಾಯಿ ಮುಚ್ಚುತ್ತಿತ್ತು. 6 ಚದರ ಮಿಲಿಮೀಟರ್ ತಂತಿ ಹಾಕಿದ ಮೇಲೆ ನಷ್ಟ 0.3ಕ್ಕೆ ಇಳಿಯಿತು. ಹಳೇ ತಂತಿಯ ಸಿಪ್ಪೆ ಸುಲಿದು ನೋಡಿದರೆ ತಾಮ್ರ ಕಪ್ಪಾಗಿ, ಬೆರಳಿಗೆ ಹಸಿರು ಪುಡಿ ಹತ್ತಿತು. ತವರ ಲೇಪಿಸಿದ ಮೆರೈನ್ ತಂತಿ ಸಿಕ್ಕರೆ ಬಿಡಬೇಡಿ.

ಪ್ಲಸ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್ ಇರಲಿ. ಟರ್ಮಿನಲ್ ಬಿಗಿದ ಮೇಲೆ ವ್ಯಾಸಲೀನ್ ಸವರಿ, ಬಿಗಿಯುವ ಮೊದಲಲ್ಲ. ಹಾಕುವಾಗ ಪ್ಲಸ್ ಮೊದಲು, ತೆಗೆಯುವಾಗ ಮೈನಸ್ ಮೊದಲು. ಪೆಟ್ರೋಲ್ ಕ್ಯಾನ್‌ನಿಂದ ದೂರವಿಡಿ. ತಳದ ನೀರು ಮುಟ್ಟದ ಎತ್ತರದಲ್ಲಿಡಿ. ಸೀಸದ ಬ್ಯಾಟರಿಯೊಳಗೆ ಉಪ್ಪುನೀರು ಹೋದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಅದು ವಿಷ. ಆಸಿಡ್ ಮೈಗೆ ಬಿದ್ದರೆ ಕೂಡಲೇ ಸಾಕಷ್ಟು ನೀರು ಸುರಿಯಿರಿ. ಕಣ್ಣಿಗಾದರೆ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ.

ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. 10 ಎಚ್‌ಪಿವರೆಗಿನ ನಾಡದೋಣಿಗೆ ನಿಷೇಧವಿಲ್ಲ. ಆದರೂ ತೂಫಾನ್ ಎದ್ದು ಕಡಲು ಇಳಿಯುವವರೆಗೆ ನಾವೂ ದಡದಲ್ಲೇ. ದೋಣಿಗೆ ಮಡಲು ಹೊದಿಸಿ ಬರುತ್ತೇವೆ, ಬ್ಯಾಟರಿ ಅದರೊಳಗೇ ಉಳಿಯುತ್ತದೆ. ಹೆಚ್ಚಿನ ಬ್ಯಾಟರಿಗಳು ಸಾಯುವುದು ಈ ಎರಡು ತಿಂಗಳಲ್ಲೇ.

ಮೇ ಕೊನೆಗೆ ಹೊರತೆಗೆದು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಸೀಸದ್ದಾದರೆ ಪೂರ್ತಿ ತುಂಬಿಸಿ ಒಳಗಿಡಿ. ಲಿಥಿಯಂ ಆದರೆ ಅರ್ಧಕ್ಕಿಂತ ಚೂರು ಮೇಲೆ ಇದ್ದರೆ ಸಾಕು, ತುಂಬಿಸಿ ಇಡುವುದು ಒಳ್ಳೆಯದಲ್ಲ. ಸಿಮೆಂಟ್ ನೆಲದಲ್ಲಿಟ್ಟರೆ ಚಾರ್ಜ್ ಇಳಿಯುತ್ತದೆ ಅಂತ ನಮ್ಮ ಮಾವ ಈಗಲೂ ಹಲಗೆ ಇಡುತ್ತಾರೆ. ಹಿಂದಿನ ಕಾಲದ ಮರದ, ರಬ್ಬರಿನ ಪೆಟ್ಟಿಗೆಗೆ ಆ ಮಾತು ಇತ್ತು, ಈಗಿನ ಪ್ಲಾಸ್ಟಿಕ್ಕಿಗೆ ಇಲ್ಲ. ಹಲಗೆ ಇಟ್ಟರೆ ನಷ್ಟವೂ ಇಲ್ಲ, ವಾದ ಮಾಡಲು ಹೋಗಬೇಡಿ. ಮೂರು ವಾರಕ್ಕೊಮ್ಮೆ ಮೀಟರ್ ಹಿಡಿಯಿರಿ. ಸೀಸದ್ದು 12.4 ಮುಟ್ಟಿದರೆ ಮತ್ತೆ ಒಂದು ದಿನ ಚಾರ್ಜಿಗೆ ಹಾಕಿ.

ಸತ್ತ ಬ್ಯಾಟರಿಯ ಆಸಿಡ್ಡನ್ನು ತೂಕ ಇಳಿಸಲೆಂದು ಮರಳಿಗೆ ಸುರಿಯುವವರಿದ್ದಾರೆ. ಆ ಮರಳಿನ ಕೆಳಗಿನ ನೀರೇ ನಮ್ಮ ಬಾವಿಗೆ ಬರುವುದು. ಆಸಿಡ್ ಸಮೇತ ಡೀಲರ್‌ಗೆ ಕೊಡಿ, ಹೊಸದರಲ್ಲಿ ಬೆಲೆ ಕಳೆಯುತ್ತಾರೆ. ನಾನು ಕಳೆದ ಸಲ ಕೊಡಲು ಹೋದಾಗ ಅಂಗಡಿಯವರು ತೂಕದ ಯಂತ್ರದ ಮೇಲಿಟ್ಟು, ಎಷ್ಟು ವರ್ಷ ಬಂತು ಅಂತ ಕೇಳಿದರು. ನಾಲ್ಕು ಮುಗಿದು ಐದಕ್ಕೆ ಬಿತ್ತು ಅಂದೆ. ಅವರು ಚೀಟಿ ಬರೆಯುವುದು ನಿಲ್ಲಿಸಿ, ಯಾವ ಚಾರ್ಜರ್ ಅಂತ ಕೇಳಿದರು.